ಬೆನ್ನಿಗೆ ಬಿದ್ದ ಖೋ

ಓಡುವ, ಕಿರುಚುವ ಮಕ್ಕಳಿಗೆಲ್ಲ ಚಂಚಲರೋಗವೆಂದು ತೀರ್ಮಾನವಾಗಿ, ದಿನಾ ಬೆಳಿಗ್ಗೆ ಗುಳಿಗೆ ನುಂಗಿಸುವುದು ರೂಢಿಯಾಗಿತ್ತು. ಖೋ-ಖೋ ಆಟದಲ್ಲಿ ಬೆನ್ನಿಗೆ ಖೋ ಬಿದ್ದರೂ ಮಕ್ಕಳು ಸಾವಕಾಶ ಎದ್ದು, ಶಿಸ್ತಾಗಿ ನಡೆಯುತ್ತಿದ್ದರು.

"ನಾಳೆ ಪಂದ್ಯ ಐತ್ರಿ ಅಕ್ಕಾರ. ಒಂದ ದಿನ ಮಗಳಿಗೆ ಗುಳಿಗಿ ತಪ್ಪಸ್ರಿ," ಎಂದು ಆಟದ ಮಾಸ್ತರರು ನೀಲವ್ವನಿಗೆ ಮೆಲ್ಲಗೆ ಹೇಳಿದ್ದರು. ಅವಳು ತಪ್ಪಿಸಿದ್ದಳು.

ಈಗ ಪಂದ್ಯದಲ್ಲಿ ಖೋ ಎಂದದ್ದೇ ತಡ, ಮಗಳು ಶೈಲಾ ಚಿಗರೆಯಂತೆ ಚಿಮ್ಮಿ, ಕೇಕೆ ಹಾಕುತ್ತ ಓಡಿದಳು. ನೋಡುತ್ತಿದ್ದ ನೀಲವ್ವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಶಾಲೆಯ ನರ್ಸಬಾಯಿ ಗುಳಿಗೆ, ನೀರು ಹಿಡಿದು ಬರುವುದನ್ನು ಕಂಡು ಅಡ್ಡ ಹೋದಳು.

"ಇದೊಂದ ಆಟ ಮುಗಿಸಲಿ ಬಿಡ್ರಿ ಬಾಯಾರ."

"ಅಕಿಗೆ ಆಮ್ಯಾಲೆ," ಎಂದು ನರ್ಸಬಾಯಿ ಗುಳಿಗೆಯನ್ನೂ ನೀರಿನ ಲೋಟವನ್ನೂ ನೀಲವ್ವನ ಕೈಗೇ ಕೊಟ್ಟಳು. "ನಿಮ್ಮ ಕಾಲು ಯಾವಾಗಿಂದ ಹಿಂಗ ಕುಣ್ಯಾಕತ್ತಾವ್ರಿ?"