ಐದು ವರ್ಷದ ಅಳತೆ

“ಎತ್ತರ ನೂರೆಂಟು, ಎದೆ ಐವತ್ತೇಳು,” ಎಂದು ಸ್ಯಾಂಪಲ್ ಮಾಸ್ಟರ್ ಶಹಾಬುದ್ದೀನ್ ಹುಡುಗಿಯ ಅಳತೆ ಮುಗಿಸಿ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಹೇಳಿದ. ಬೆಂಗಳೂರಿನ ಡಿಸೈನರ್ ಕಡೆಯಿಂದ ಬಂದಿದ್ದ ಸ್ಮೃತಿ, ಅವನು ಬರೆದ ಹಾಳೆಯನ್ನು ಹಿಂದಿನ ಮೂರು ಹಾಳೆಗಳ ಪಕ್ಕ ಇಟ್ಟು ನೋಡಿ ಹಿಗ್ಗಿದಳು. “ಒಂದು ಸೆಂಟಿಮೀಟರ್ ಕೂಡ ಆಚೀಚೆ ಆಗಿಲ್ಲ. ಗೊಂಬೆಗೆ ತೊಡಿಸಿದರೂ ಇಷ್ಟು ಕರೆಕ್ಟಾಗಿ ಕೂರಲ್ಲ, ಮಾಸ್ಟರ್. ಮುಂದಿನ ಬೇಸಿಗೆ ಕಲೆಕ್ಷನ್ನಿಗೂ ಇವಳೇ ಇರಲಿ.” ಅಷ್ಟರಲ್ಲಿ ಫೋನು ಬಂತು. ಮಾತಾಡುತ್ತ ಹೊರಗೆ ಹೋದಳು.

ನಟಿಯರ ಮದುವೆಗೆ ಲೆಹೆಂಗಾ ಮಾಡುವ ಡಿಸೈನರ್ ಹೆಸರಿನಲ್ಲಿ ಮಕ್ಕಳ ಬಟ್ಟೆ ಈಗ ಮಾಲ್‌ಗಳ ಮಾಮೂಲಿ ಅಂಗಡಿಗೂ ಬರುತ್ತದೆ. ಹೊಲಿಯುವುದು ಶ್ರೀರಂಗಪಟ್ಟಣದಾಚೆಯ ಈ ಗಾರ್ಮೆಂಟ್ಸಿನಲ್ಲಿ. ಸಾವಿರಾರು ಪೀಸಿಗೆ ಕತ್ತರಿ ಹಾಕುವ ಮೊದಲು, ಒಂದೊಂದು ಸೈಜಿನ ಒಂದೊಂದು ಸ್ಯಾಂಪಲನ್ನು ಜೀವಂತ ಮಗುವಿಗೆ ತೊಡಿಸಿ ನೋಡಬೇಕು. ಐದು ವರ್ಷದ ಸೈಜಿಗೆ ಬಾಬುರಾಯನಕೊಪ್ಪಲಿನ ದಿವ್ಯಳ ಮಗಳು ಪ್ರಜ್ಞ. ಆ ಅಳತೆಗೆ ಹೊಂದುವ ಮಗಳನ್ನು ಕರೆತಂದದ್ದಕ್ಕೇ ದಿವ್ಯಳನ್ನು ಹೊಲಿಗೆ ಲೈನಿನಿಂದ ತೆಗೆದು ಸ್ಯಾಂಪಲ್ ಕೋಣೆಗೆ ಹಾಕಿದ್ದರು. ಇಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕವಿಲ್ಲ. ಬಾತ್‌ರೂಮಿಗೆ ಹೋಗಲು ಸೂಪರ್‌ವೈಸರನ ಮುಖ ನೋಡಬೇಕಿಲ್ಲ. ಗರ್ಭಕೋಶ ತೆಗೆಸಿಕೊಂಡ ಹೆಂಗಸಿಗೆ ಅದು ಸಣ್ಣ ಮಾತಲ್ಲ.

ಶಹಾಬುದ್ದೀನ್ ನಾಲ್ಕೂ ಹಾಳೆಗಳನ್ನು ಎತ್ತಿಕೊಂಡ. ನಾಲ್ಕರಲ್ಲೂ ತನ್ನದೇ ಅಕ್ಷರ, ನಾಲ್ಕರಲ್ಲೂ ನೂರೆಂಟು. ಮೊದಲ ಹಾಳೆಯ ತಾರೀಖು ಓದಿದ. ಎರಡು ವರ್ಷ ಕಳೆದಿತ್ತು.

“ಎಷ್ಟನೇ ಕ್ಲಾಸು ಬೇಟಾ ಈಗ?”

“ಎಲ್ಡ್ನೇ ಕ್ಲಾಸು,” ಎಂದು ಪ್ರಜ್ಞ ಹೇಳಿ, ಗೌನು ತೊಟ್ಟುಕೊಳ್ಳಲು ಪರದೆಯ ಹಿಂದೆ ಹೋದಳು.

ದಿವ್ಯ ಮೇಜಿನ ತುದಿಯಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದಳು. ಶಹಾಬುದ್ದೀನ್ ಹತ್ತಿರ ಹೋಗಿ ದನಿ ತಗ್ಗಿಸಿದ. “ದಿವ್ಯಮ್ಮ, ಎರಡು ವರ್ಷ ಮಗುವಿನ ಅಳತೆ ನಿಂತ ಕಡೆನೇ ನಿಲ್ಲಾಕಿಲ್ಲ. ಡಾಕ್ಟ್ರಿಗೆ ತೋರ್ಸು.”

“ತೋರ್ಸಿದ್ದೀನಿ ಮಾಸ್ಟ್ರೇ. ಮೈಸೂರಿಗೂ ವೋಗಿದ್ದೆ. ಗಂಟ್ಲಲ್ಲಿ ಥೈರಾಯ್ಡು ಕೆಲ್ಸ ಮಾಡ್ತಿಲ್ವಂತೆ. ದಿನಾ ಬೆಳಿಗ್ಗೆದ್ದು ಒಂದು ಮಾತ್ರೆ ನುಂಗುದ್ರೆ ಸಾಕಂತೆ.”

“ಮತ್ತೆ ಕೊಡ್ತಿದ್ದೀಯಾ?”

ದಿವ್ಯ ದಾರವನ್ನು ಹಲ್ಲಿನಿಂದ ಕಡಿದಳು. “ನುಂಗುದ್ರೆ ಆರೇ ತಿಂಗ್ಳಲ್ಲಿ ಬೆಳೀತಾಳಂತಲ್ಲ,” ಎಂದಳು.

ಶಹಾಬುದ್ದೀನ್ ಪರದೆಯ ಕಡೆ ತಿರುಗಿ ನೋಡಿದ. “ಯಾ ಅಲ್ಲಾ. ಯಾವತ್ತಿಂದ ಅವೆ ಮಾತ್ರೆ ಮನೇಲಿ?”

“ಯುಗಾದಿಗೆ ಮುಂಚಿಂದ. ಇದೊಂದು ಸೀಜನ್ ಕಳೀಲಿ ಅಂತ ಬೀರುನಲ್ಲಿ ಇಕ್ಕಿವ್ನಿ.”

“ತಡ ಮಾಡ್ಬೌದು ಅಂದ್ರಾ ಡಾಕ್ಟ್ರು?”

“ಅಂಗಂದಿಲ್ಲ.” ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದಳು. “ನೀವು ಯಾವತ್ತಾದ್ರೂ ಲೈನಲ್ಲಿ ಕೂತಿದ್ದೀರಾ ಮಾಸ್ಟ್ರೇ? ಒಟ್ಟೆ ಇಡ್ಕಂಡು ಒಂದಿನ ಕೂತ್ಕಂಡು ನೋಡಿ. ಆಮೇಕೆ ಬುದ್ಧಿ ಏಳಿ.”

ಪರದೆ ಸರಿಯಿತು. ತಿಳಿ ಗುಲಾಬಿ ನೆಟ್ಟಿನ ಗೌನಿನಲ್ಲಿ ಪ್ರಜ್ಞ ಕನ್ನಡಿಯ ಮುಂದಿನ ಮಣೆ ಹತ್ತಿದಳು. ಅಂಚು ಮೊಣಕಾಲಿನಿಂದ ಎರಡು ಬೆರಳು ಕೆಳಗೆ, ಕಾಗದದಲ್ಲಿ ಬರೆದಂತೆಯೇ, ಒಂದು ಸುಕ್ಕಿಲ್ಲದೆ ಇಳಿದಿತ್ತು. ಶಹಾಬುದ್ದೀನ್ ಅವಳ ಹಿಂದೆ ಮಂಡಿಯೂರಿದ. ಮೂವತ್ತೊಂದು ವರ್ಷದ ಕೆಲಸದಲ್ಲಿ ಬಟ್ಟೆ ಕೇಳದ ಕಡೆ ಅವನು ಪಿನ್ನು ಚುಚ್ಚಿದವನಲ್ಲ. ಈಗ ಸೊಂಟದಲ್ಲಿ ಒಳಗಿನ ಅಸ್ತರನ್ನೂ ನೆಟ್ಟನ್ನೂ ಸೇರಿಸಿ ನಾಲ್ಕು ಬೆರಳಗಲ ಮೇಲಕ್ಕೆ ಮಡಿಸಿದ. ಸುತ್ತ ಆರು ಪಿನ್ನು ಹಾಕಿದ. ಮಡಿಕೆ ಕಾಣದಂತೆ ಮೇಲೆ ಸ್ಯಾಟಿನ್ ಪಟ್ಟಿ ಸುತ್ತಿ, ಹಿಂದೆ ಗಂಟು ಕಟ್ಟಿದ. ಅಂಚು ಮೊಣಕಾಲಿನ ಮೇಲಕ್ಕೆ ಹೋಯಿತು.

ಸ್ಮೃತಿ ಫೋನು ಮುಗಿಸಿ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. “ಇದೇನು, ಇಷ್ಟು ಮೇಲೆ ಬಂದಿದೆ?”

“ಮಗು ಬೆಳೆದದೆ ಮೇಡಂ.”

“ಈಗ ತಾನೇ ನೂರೆಂಟು ಅಂದ್ರಲ್ಲ?”

“ನೂರ ಹನ್ನೆರಡು. ನಾನೇ ತಪ್ಪು ಓದ್ದೆ. ಕಣ್ಣು ಮಂಜಾಗ್ತಾ ಅದೆ.” ಅವನು ಮಂಡಿಯ ಬಳಿ ಇಟ್ಟುಕೊಂಡಿದ್ದ ಹಾಳೆ ತೆಗೆದುಕೊಂಡು, ನೂರೆಂಟನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದ. ಸ್ಮೃತಿ ಹಾಳೆಯನ್ನೂ ಅವನ ಮುಖವನ್ನೂ ನೋಡಿದಳು.

“ಅಳತೆಯಲ್ಲೇ ಹೀಗಾದರೆ ಹೇಗೆ ಮಾಸ್ಟರ್? ನಾನು ಮ್ಯಾನೇಜರ್‌ಗೆ ಹೇಳಲೇಬೇಕಾಗುತ್ತೆ. ಸರಿ, ಐದು ವರ್ಷಕ್ಕೆ ಬೇರೆ ಮಗು ನೋಡೋಣ.” ಅವಳು ಮತ್ತೆ ಫೋನು ತೆಗೆದು ನಂಬರು ಹುಡುಕತೊಡಗಿದಳು.

ದಿವ್ಯ ಎದ್ದು ಬಂದಿದ್ದಳು. ಪಟ್ಟಿಯ ಕೆಳಗಿನ ಉಬ್ಬು ಅವಳ ಕಣ್ಣಿಗೆ ಕೂಡಲೇ ಬಿತ್ತು. ಶಹಾಬುದ್ದೀನನ ಕಡೆ ಒಮ್ಮೆ ನೋಡಿದಳು. ಅವನು ನೆಲದಿಂದ ಎದ್ದಿರಲಿಲ್ಲ. ಅವಳ ಕೈ ಮಗಳ ಬೆನ್ನಿನ ಗಂಟಿಗೆ ಹೋಯಿತು. ಒಂದು ಸಲ ಎಳೆದರೆ ಸಾಕು, ಪಟ್ಟಿ ಬಿಚ್ಚಿಕೊಂಡು ಆರೂ ಪಿನ್ನು ಕಾಣುತ್ತಿದ್ದವು.

ಪ್ರಜ್ಞ ಕನ್ನಡಿಯಲ್ಲಿ ತನ್ನ ಮೊಣಕಾಲನ್ನೇ ನೋಡುತ್ತಿದ್ದಳು. ಹಿಮ್ಮಡಿ ಸೇರಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಳು.

“ಅವ್ವಾ,” ಎಂದಳು, “ನಾನು ಉದ್ದ ಆಗ್ಬುಟ್ನಾ?”