ಸರ್ವರ್‌ಗೆ ಇಟ್ಟ ಹೆಸರು

ಕಂಪ್ಯೂಟರ್ ರಿಪೇರಿಯವನ ಎಡಗೈ ಬೆರಳುಗಳನ್ನಷ್ಟೇ ಮುರಿದಿದ್ದರು. ಬಲಗೈ ಟೈಪ್ ಮಾಡಲು ಬೇಕಿತ್ತು.

"ಸಾಹುಕಾರ ಶಿವನಂಜಪ್ಪಂಗೆ ಬೆದರಿಕೆ ಮೇಲ್ ಹೋಗ್ಬೇಕು. ಎಲ್ಲಿಂದ ಬಂತು ಅಂತ ಗೊತ್ತಾಗ್ಬಾರ್ದು. ನಮ್ದೇ ಸರ್ವರ್ ಮಾಡ್ಕೊಡು," ಎಂದ ಮೀಸೆಯವನು, ಮಚ್ಚಿನ ಹಿಂಬದಿಯಿಂದ ಅವನ ಕತ್ತು ತಟ್ಟುತ್ತ.

ಲಿನಕ್ಸ್ ಪರದೆಯ ಮೇಲೆ ಒಂದು ಸಾಲು ಖಾಲಿ ಉಳಿದಿತ್ತು.

"ಸರ್ವರ್‌ಗೊಂದು ಹೆಸರು ಇಡ್ಬೇಕು ಅಣ್ಣ. ಹೋಸ್ಟ್‌ನೇಮ್ ಅಂತಾರೆ."

"ಏನಾದ್ರೂ ಹಾಕೋ. ಅದನ್ನ ಯಾವನು ನೋಡ್ತಾನೆ?"

ಪೊಲೀಸರು ನೋಡುತ್ತಾರೆ. ಹೋಗುವ ಪ್ರತಿಯೊಂದು ಇಮೇಲ್‌ನ ಹೆಡರಿನಲ್ಲೂ, ಅದು ಬಂದ ದಾರಿ ಹೇಳುವ ಸಾಲುಗಳಲ್ಲಿ, ಆ ಹೆಸರು ಅಂಟಿಕೊಂಡೇ ಹೋಗುತ್ತದೆ. ತನ್ನನ್ನು ಕೂಡಿಹಾಕಿದ್ದ ಗೋಡೌನಿನ ಕಿಟಕಿಯಾಚೆಯ ತುಕ್ಕು ಹಿಡಿದ ಬೋರ್ಡು ನೋಡಿ ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ: ಮಂಜುಳಾ-ಐಸ್-ಫ್ಯಾಕ್ಟರಿ-ಹಿಂದಿನ-ಗೋಡೌನ್.

ಮೇಲ್ ಹೋದ ಸಂಜೆಯೇ ಬಾಗಿಲು ಮುರಿದು ಬಿತ್ತು. ಬಂದವರ ಮೈಮೇಲೆ ಖಾಕಿ ಇರಲಿಲ್ಲ. ಸಾಹುಕಾರ ಹೆಡರಿನಲ್ಲಿದ್ದ ಹೆಸರು ಓದಿಸಿಕೊಂಡು, ಪೊಲೀಸರಿಗೆ ಹೇಳದೆ ತನ್ನ ಹುಡುಗರನ್ನೇ ಕಳಿಸಿದ್ದ. ಮೊದಲ ಏಟಿಗೇ ಮೀಸೆಯವನು ನೆಲಕ್ಕುರುಳಿದ, ಮತ್ತೆ ಏಳಲಿಲ್ಲ.

"ಆ ಹೆಸರು ಟೈಪ್ ಮಾಡಿದ್ದು ನಾನೇ ಅಣ್ಣ," ಎಂದ ರಿಪೇರಿಯವನು, ಬದುಕಿದೆನೆಂದು ಉಸಿರು ಬಿಡುತ್ತ.

ಬಂದವರ ಮುಖಂಡ ಲಾಂಗಿನ ರಕ್ತ ಒರೆಸಿಕೊಂಡ. "ಹಂಗಾದ್ರೆ ನಮ್ ಸಾಹುಕಾರ್ರಿಗೆ ಬೆದರಿಕೆ ಬರೆದ ಕೈ ಇದೇ," ಎಂದು ಅವನ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದ.