ಕೆಂಪು ಬಟ್ಟಲಿನ ಗೆಲುವು

ಕೆಂಪು ಬಟ್ಟಲು ಖಾಲಿಯಾಗುತ್ತಿತ್ತು. ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಮಾಜಿದನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ನೋಡಿದ್ಯಾ?" ಎಂದು ಪಕ್ಕದಲ್ಲಿದ್ದ ಬ್ರೆಟ್ ಪಿಸುಗುಟ್ಟಿದ. ಬ್ರೆಟ್ ಅವನ ಮೇಲಧಿಕಾರಿ, ಚಿಪ್ಸ್ ಕಂಪನಿಯ ರುಚಿ ವಿಭಾಗದ ಮುಖ್ಯಸ್ಥ. ಬೇಯಿಸಿದ ಕೋಳಿ ಮತ್ತು ಬಿಳಿ ಅನ್ನ ಬಿಟ್ಟು ಬೇರೇನನ್ನೂ ಮುಟ್ಟದ ಮನುಷ್ಯನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಏಕೆಂದು ಕಂಪನಿಯಲ್ಲಿ ಯಾರೂ ಕೇಳಿದವರಿಲ್ಲ.

ನಡುಮನೆಯಲ್ಲಿ ಮಾಜಿದನ ತಾಯಿ ಸಲ್ವಾ ಮತ್ತು ಬೀದಿಯ ನಾಲ್ವರು ಗೆಳತಿಯರು ಕೂತಿದ್ದರು. ಮೇಜಿನ ಮೇಲೆ ಪೀಟಾ ರೊಟ್ಟಿಯ ಚಿಪ್ಸಿನ ನಾಲ್ಕು ಬಟ್ಟಲು. ಬಿಳಿಯದರಲ್ಲಿ ಬರೀ ಉಪ್ಪಿನದು, ಹಸಿರಿನದರಲ್ಲಿ ಜಾತರ್ ಎಂಬ ಎಳ್ಳು-ಸೊಪ್ಪಿನ ಪುಡಿ ಉದುರಿಸಿದ್ದು, ಹಳದಿಯದರಲ್ಲಿ ಚೀಸಿನದು. ಈ ಮೂರನ್ನೂ ಬೆಳಿಗ್ಗೆ ಅಂಗಡಿಯಿಂದ ತಂದಿದ್ದರು. ಕೆಂಪು ಬಟ್ಟಲಿನದು ಇನ್ನೂ ಅಂಗಡಿಯ ಮುಖ ಕಾಣದ್ದು. ಬೆಳ್ಳುಳ್ಳಿ ಮತ್ತು ಗುಲಾಬಿ ನೀರು.

ಅದು ಮಾಜಿದನ ತಲೆಯಿಂದ ಬಂದದ್ದು. ಬಂದದ್ದು ಅನ್ನುವುದಕ್ಕಿಂತ ಹಿಂಡಿ ತೆಗೆದದ್ದು. "ನಿಮ್ಮ ಲೆಬನಾನಿನವರ ಅಸಲಿ ರುಚಿ ಬೇಕು" ಎಂದು ಕಂಪನಿ ಕೇಳಿತ್ತು. ಜಾತರ್ ಎಂದರೆ ಎಲ್ಲರ ಹತ್ತಿರವೂ ಇದೆ ಎಂದರು. ಸುಮಾಕ್ ಹಣ್ಣಿನ ಪುಡಿ ಎಂದರೆ ಹುಳಿ ಎಂದರು. ರೋಸಿಹೋದ ಮಾಜಿದ್, ತನ್ನ ಅಜ್ಜಿಯ ಅಡುಗೆಮನೆಯಲ್ಲಿ ಎಂದೂ ಒಂದರ ಮುಖ ಒಂದು ನೋಡದ ಎರಡು ವಾಸನೆಗಳನ್ನು ಹಿಡಿದು ಮದುವೆ ಮಾಡಿಸಿದ. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈಗ ಅದು ಅರಬರ ಊರೆಂದೇ ಹೆಸರಾದ ಅಮೆರಿಕದ ಡಿಯರ್‌ಬಾರ್ನಿನಲ್ಲಿ, ಪೀಟಾ ತಿಂದೇ ಬೆಳೆದವರ ಎದುರು ಗೆಲ್ಲಬೇಕು. ಸೋತರೆ ಮಾಜಿದನ ಕೆಲಸ ಹೋಗುತ್ತದೆ. ಬ್ರೆಟ್ ಇದನ್ನು ಭುಜದ ಮೇಲೆ ಕೈಯಿಟ್ಟು, ಬಹಳ ನಯವಾಗಿ ಹೇಳಿದ್ದ. ಕೆಂಪು ಬಟ್ಟಲು ಮಗನದೆಂದು ಆ ಹೆಂಗಸರ ಪೈಕಿ ಸಲ್ವಾಳಿಗೆ ಮಾತ್ರ ಗೊತ್ತು. ಯಾರಿಗೂ ಹೇಳುವುದಿಲ್ಲವೆಂದು ಅವಳು ಆಣೆ ಇಟ್ಟಿದ್ದಳು.

ಬಾಯಿಮಾತಿನ ಪರೀಕ್ಷೆ ಆಗಲೇ ಹಳ್ಳ ಹಿಡಿದಿತ್ತು.

"ಬಿಳಿ ಬಟ್ಟಲಿನದು ಹೇಗಿದೆ ಮೇಡಂ?" ಎಂದು ಬ್ರೆಟ್ ಮೊದಲು ಎಲ್ಲರಿಗೂ ಹಿರಿಯಳಾದ, ಹಜ್ ಯಾತ್ರೆ ಮಾಡಿಬಂದ ಹಜ್ಜಿ ಇನಾಮಳನ್ನು ಕೇಳಿದ್ದ.

"ನಿನ್ನ ಕೈ ತಣ್ಣಗಿರಲಿ ಸಲ್ವಾ, ಎಷ್ಟು ಚೆನ್ನಾಗಿದೆ!"

"ಅದು ಅಂಗಡೀದು ಮೇಡಂ. ಅವರು ಮಾಡಿದ್ದಲ್ಲ."

"ಬಟ್ಟಲಿಗೆ ಹಾಕಿದ್ಯಾರಪ್ಪಾ? ನೀನಾ?"

ಹಸಿರಿಗೂ ಅದೇ ಹಾರೈಕೆ, ಹಳದಿಗೂ ಅದೇ, ಕೆಂಪಿಗೂ ಅದೇ. ಆಗಲೇ ಬ್ರೆಟ್ ಮಾಜಿದನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿದ್ದ.

"ಮಾತು ಸುಳ್ಳು ಹೇಳುತ್ತೆ ಮಾಜಿದ್, ಬಟ್ಟಲು ಹೇಳಲ್ಲ. ಅವರನ್ನ ಅವರ ಪಾಡಿಗೆ ಬಿಡೋಣ. ಆಮೇಲೆ ಉಳಿದಿದ್ದನ್ನ ತೂಗೋಣ." ಇದೇ ಮಾತಿಗೆ ಅವನಿಗೆ ಹೋದ ವರ್ಷ ಒಂದು ಪ್ರಶಸ್ತಿಯೂ ಬಂದಿತ್ತು.

ಬಾಗಿಲ ಸಂದಿಯಿಂದ ಮೇಜು ಮತ್ತು ಕೈಗಳಷ್ಟೇ ಕಾಣುತ್ತಿದ್ದವು. ಕೈಗಳು ಕೆಂಪು ಬಟ್ಟಲಿಗೆ ಬರುತ್ತಿದ್ದವು, ತುಂಬಿಕೊಂಡು ಹಿಂದೆ ಹೋಗುತ್ತಿದ್ದವು.

"ಆ ಮನುಷ್ಯನಿಗೆ ಏನಾದ್ರೂ ತಿನ್ನಕ್ಕೆ ಕೊಟ್ಯೇನೇ? ಮುಖ ನೋಡಿದ್ರೆ ಮೊನ್ನೆಯಿಂದ ಉಪವಾಸ ಇದ್ದಂಗಿದೆ" ಎಂದಳು ಹಜ್ಜಿ. ಹಾಗೆನ್ನುತ್ತಲೇ ಕೈಚೀಲದೊಳಗೆ ಕನ್ನಡಕಕ್ಕೆ ತಡಕಾಡಿದಳು. ಕನ್ನಡಕ ಮೂಗಿನ ಮೇಲೇ ಇತ್ತು.

"ಹಜ್ಜಿ, ಇನ್ನೊಂಚೂರು ಇದನ್ನ ತಗೊಳ್ಳಿ" ಎಂದು ಸಲ್ವಾ ಕೆಂಪು ಬಟ್ಟಲನ್ನು ಮುಂದೆ ತಳ್ಳಿದಳು.

"ತಗೊಳ್ದೆ ಇರ್ತೀನಾ? ನಿನ್ನ ಮನೇಲಿ ಇಟ್ಟಿದ್ದನ್ನ ಹಾಗೇ ಬಿಟ್ಟು ಹೋದ್ರೆ ನನಗೆ ನಿದ್ದೆ ಬರುತ್ತಾ?"

"ಇಬ್ತಿಸಾಮ್, ನೀನು?"

ಬೆಚ್ಚಗಿನ ಕೋಣೆಯಲ್ಲೂ ಕೋಟು ಬಿಚ್ಚದೆ ಕೂತಿದ್ದ ಇಬ್ತಿಸಾಮ್ ನಿಟ್ಟುಸಿರು ಬಿಟ್ಟಳು. "ನನ್ನದು ತುಂಬಿಹೋಗಿದೆ ಕಣೇ, ಇನ್ನು ಜಾಗ ಇಲ್ಲ. ಆದ್ರೂ ಕೊಡು." ಪಕ್ಕದ ಮನೆಯ ಅಕ್ಕತಂಗಿಯರು ಒಬ್ಬರ ಹಿಂದೆ ಒಬ್ಬರು ಕೈ ತೊಳೆಯಲು ಎದ್ದು ಹೋದರು.

ಸಲ್ವಾಳ ಕೈಯೂ ಆಗಾಗ ಅದೇ ಬಟ್ಟಲಿಗೆ ಬರುತ್ತಿತ್ತು. ರಕ್ತದೊತ್ತಡ ಇದೆ, ಉಪ್ಪು ಮುಟ್ಟಬೇಡಿ ಎಂದು ಡಾಕ್ಟರು ಅವಳನ್ನು ಗದರಿದ್ದರು. ನನ್ನ ಕೆಲಸ ಉಳಿಸಲು ಅಮ್ಮ ಹಿಡಿ ಹಿಡಿ ನುಂಗುತ್ತಿದ್ದಾಳಲ್ಲ ಎಂದು ಮಾಜಿದನಿಗೆ ಅಳು ಬಂತು.

ಕಾಫಿ ಮುಗಿದ ಮೇಲೆ ಬ್ರೆಟ್ ತಕ್ಕಡಿ ತಂದ. ಬಿಳಿ ಬಟ್ಟಲಿನಲ್ಲಿ ಅರ್ಧಕ್ಕರ್ಧ ಉಳಿದಿತ್ತು. ಹಸಿರಿನದೂ ಹಳದಿಯದೂ ಹೆಚ್ಚುಕಡಿಮೆ ಅಷ್ಟೇ. ಕೆಂಪಿನಲ್ಲಿ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಎಷ್ಟೋ ಊರುಗಳಲ್ಲಿ ಬಟ್ಟಲು ತೂಗಿದ ಬ್ರೆಟ್‌ನ ಕಣ್ಣು ಒದ್ದೆಯಾಯಿತು.

"ಅಸಲಿ ರುಚಿ ಅಂದ್ರೆ ಇದು! ಚೀಲದ ಮೇಲೆ ನಿಮ್ಮೆಲ್ಲರ ಫೋಟೋ ಹಾಕ್ತೀವಿ. ನೀವು ಬದುಕಿರೋವರೆಗೂ ತಿಂಗಳಿಗೊಂದು ಡಬ್ಬ ನಿಮ್ಮ ಮನೆ ಬಾಗಿಲಿಗೆ ಬರುತ್ತೆ."

ಹೆಂಗಸರ ನಗು ಇದ್ದಲ್ಲೇ ನಿಂತಿತು.

"ನಮ್ಮಂಥ ಮುದುಕೀರಿಗೆ ಇಷ್ಟೊಂದು ಯಾಕಪ್ಪಾ?" ಎಂದಳು ಹಜ್ಜಿ ಮೆಲ್ಲಗೆ.

"ನಿಮಗಲ್ದೆ ಇನ್ಯಾರಿಗೆ ಮೇಡಂ?"

ಮಾಜಿದ್ ತಾಯಿಯನ್ನು ಬಿಗಿಯಾಗಿ ಅಪ್ಪಿಕೊಂಡ. "ಹುಷಾರು, ಬಟ್ಟೆ ಮುದುಡುತ್ತೆ ಕಣೋ" ಎಂದು ಅವಳು ಬಿಡಿಸಿಕೊಂಡಳು. ಆಮೇಲೆ ಅವನು ಹೆಂಡತಿಗೆ ಫೋನ್ ಮಾಡಲು ಮಹಡಿಗೆ ಓಡಿದ. ಕೆಲಸ ಉಳಿಯಿತು ಎಂಬ ಅವನ ಕೂಗು ಬೀದಿಗೂ ಕೇಳಿಸಿತು.

ಎಲ್ಲರೂ ಹೊರಟ ಮೇಲೆ ಸಲ್ವಾ ಪೊರಕೆ ಹಿಡಿದು ಹೊರಗೆ ಬಂದಳು. ಗೆಳತಿಯರು ಮನೆಯ ದಾರಿ ಹಿಡಿಯುವ ಮುಂಚೆ ಒಬ್ಬರಿಗೊಬ್ಬರು ಕಾಣದಂತೆ ಕೊಡವಿ ಹೋಗಿದ್ದ ಗುಲಾಬಿ ಬೆಳ್ಳುಳ್ಳಿ ಚಿಪ್ಸು ಅಲ್ಲಲ್ಲಿ ಗುಡ್ಡೆಯಾಗಿ ಬಿದ್ದಿತ್ತು, ಅಳಿಲೊಂದು ಮೂಸಿ ನೋಡಿ ಮರ ಹತ್ತಿಬಿಟ್ಟಿತು, ಅವಳು ತನ್ನ ನಿಲುವಂಗಿಯ ಎರಡೂ ಜೇಬುಗಳನ್ನು ಒಂದು ಗುಡ್ಡೆಯ ಮೇಲೆಯೇ ಬರಿದುಮಾಡಿ, ಮಗ ಕೆಳಗಿಳಿದು ಬರುವುದರೊಳಗೆ ಎಲ್ಲವನ್ನೂ ಗುಡಿಸಿಹಾಕಿದಳು.